ಹಾಡದೆ ನಿಂತ ಹುಡುಗ: ಒಂದು ಜಪಾನಿ ಚಿತ್ರಕಥೆಯ ವಿಚಾರ

ಹೈಸ್ಕೂಲಿಗೆ ಹೋಗುವ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಪ್ರೀತಿಸಿದರು ಅಂತ ಒಂದು ಕಥೆ ಶುರುವಾದರೆ, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳ್ತಾರೆ. ಒಂದೋ ಹೊಳೆ, ಇಲ್ಲಾ ಹಗ್ಗ, ಇಲ್ಲಾಂದ್ರೆ ಮನೆಯವರು ಹುಡುಕಿ ತಂದ ಹೆಣ್ಣಿನ ಜೊತೆ ಕಲ್ಯಾಣ ಮಂಟಪ. ಈ ಮೂರೂ ಅಲ್ಲದ ದಾರಿ ಹಿಡಿದ ಕಥೆಯೊಂದು ಜಪಾನಿನಲ್ಲಿದೆ. ಅದರ ಹೆಸರು 'ದೋಕ್ಯೂಸೇ'. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಒಂದೇ ಕ್ಲಾಸಿನವರು'. ಬರೆದು ಚಿತ್ರ ಬಿಡಿಸಿದವರು ನಕಾಮುರಾ ಅಸುಮಿಕೊ ಎಂಬ ಹೆಣ್ಣುಮಗಳು. 2006ರಿಂದ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದು 2008ರಲ್ಲಿ ಪುಸ್ತಕವಾಯಿತು. 2016ರಲ್ಲಿ ಅದು ಒಂದು ಗಂಟೆಯ ಕಾರ್ಟೂನ್ ಸಿನಿಮಾ ಕೂಡ ಆಯಿತು. ಆ ಪುಸ್ತಕ ಒಳ್ಳೆಯದು ಅಂತಲೂ, ಅದರಲ್ಲಿ ಇರಬೇಕಾದ ಒಂದು ದೊಡ್ಡ ಸಂಗತಿ ಇಲ್ಲ ಅಂತಲೂ ನನ್ನ ವಾದ. ಎರಡನ್ನೂ ಇಲ್ಲಿ ಹೇಳುತ್ತೇನೆ.

ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಬರುವುದಿಲ್ಲ, ಜಪಾನಿ ಅಂತೂ ಬಿಡಿ. ಇಂಗ್ಲಿಷಿಗೆ ಬಂದಿರುವ ಪುಸ್ತಕವನ್ನು ಮೊಮ್ಮಗಳು ಕನ್ನಡ ಮಾಡಿ ಓದಿ ಹೇಳಿದಳು. ಮಾತನ್ನು ಅವಳು ಓದಿದಳು, ಚಿತ್ರವನ್ನು ನಾನೇ ಓದಿದೆ. ಇಂಥ ಪುಸ್ತಕದಲ್ಲಿ ಚಿತ್ರ ಓದುವ ಕೆಲಸವೇ ಹೆಚ್ಚು.

ಜಪಾನಿನವರು ಇದಕ್ಕೆ 'ಮಾಂಗಾ' ಅಂತಾರೆ. ನಮ್ಮಲ್ಲಿ ಚಿತ್ರಕಥೆ ಅಂದ್ರೆ ಮಕ್ಕಳದ್ದು ಅಂತ ಲೆಕ್ಕ. 'ಬಾಲರಮ'ದ ಮಾಯಾವಿಯನ್ನೂ ಲುಟ್ಟಾಪಿಯನ್ನೂ ನಮ್ಮ ಮಕ್ಕಳೆಲ್ಲ ಬಲ್ಲರು. ಟೋಮ್ಸ್ ಅವರ ಬೋಬನ್ ಮತ್ತು ಮೋಳಿಯನ್ನು ದೊಡ್ಡವರೂ ಓದಿ ನಕ್ಕಿದ್ದಾರೆ. ಪುರಾಣದ ಚಿತ್ರಕಥೆಗಳನ್ನು ದೇಶಕ್ಕೆಲ್ಲ ಹಂಚಿದ 'ಅಮರ ಚಿತ್ರ ಕಥಾ' 1967ರಲ್ಲಿ ಶುರುವಾದದ್ದು, ಅದನ್ನು ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದವರು. ಜಪಾನಿನಲ್ಲಿ ಹುಡುಗರಿಗೆ, ಹುಡುಗಿಯರಿಗೆ, ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಚಿತ್ರಕಥೆ ಪತ್ರಿಕೆಗಳಿವೆ. ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಸ್ತಕದ ಹಿಂದಿನ ರಟ್ಟೇ ಅವರ ಮುಖಪುಟ. ಹೆಚ್ಚಿನದೆಲ್ಲ ಕಪ್ಪು ಬಿಳುಪು. ಇದರಲ್ಲಿ 'ಬಾಯ್ಸ್ ಲವ್' ಅಂತ ಒಂದು ಬಗೆಯೇ ಇದೆ. ಹುಡುಗ ಹುಡುಗನನ್ನು ಪ್ರೀತಿಸುವ ಕಥೆಗಳು. ವಿಚಿತ್ರ ಏನಂದ್ರೆ ಇದನ್ನು ಬರೆಯುವವರಲ್ಲಿ ಹೆಚ್ಚಿನವರು ಹೆಂಗಸರು, ಓದುವವರಲ್ಲೂ ಹೆಚ್ಚಿನವರು ಹೆಂಗಸರು ಮತ್ತು ಹುಡುಗಿಯರು.

ಈಗ ಕಥೆಗೆ ಬರುತ್ತೇನೆ. ಗಂಡುಮಕ್ಕಳ ಒಂದು ಹೈಸ್ಕೂಲು. ಅಲ್ಲಿ ಕುಸಾಕಾಬೆ ಅಂತ ಒಬ್ಬ ಹುಡುಗ. ಗಿಟಾರ್ ಬಾರಿಸುತ್ತಾನೆ, ಗೆಳೆಯರ ಬ್ಯಾಂಡಿನಲ್ಲಿದ್ದಾನೆ, ಓದಿನಲ್ಲಿ ಅಷ್ಟಕ್ಕಷ್ಟೆ. ಅದೇ ಕ್ಲಾಸಿನಲ್ಲಿ ಸಾಜೋ ಅಂತ ಇನ್ನೊಬ್ಬ. ಕನ್ನಡಕ ಹಾಕಿದ, ಮಾತು ಕಮ್ಮಿಯ, ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗ. ಶಾಲೆಯಲ್ಲಿ ಸಮೂಹಗಾನದ ಸ್ಪರ್ಧೆ ಬರುತ್ತದೆ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕೇರಳದ ಶಾಲಾ ಕಲೋತ್ಸವ 1957ರಿಂದ ನಡೆದು ಬಂದದ್ದು. ಅದರ ಸಂಘಗಾನಕ್ಕೆ ಚೆನ್ನಾಗಿ ಹಾಡುವ ಮಕ್ಕಳನ್ನು ಆರಿಸಿ ನಿಲ್ಲಿಸುತ್ತಾರೆ. ಉಳಿದವರು ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು. ಜಪಾನಿನ ಶಾಲೆಗಳಲ್ಲಿ ಇಡೀ ಕ್ಲಾಸೇ ನಿಂತು ಹಾಡಬೇಕು. ಕಂಠ ಇದ್ದವನೂ ಇಲ್ಲದವನೂ ಒಂದೇ ಸಾಲಿನಲ್ಲಿ. ತಪ್ಪಿಸಿಕೊಳ್ಳುವ ಹಾಗಿಲ್ಲ.

ಅಭ್ಯಾಸದ ಹೊತ್ತಿನಲ್ಲಿ ಕುಸಾಕಾಬೆ ಗಮನಿಸುತ್ತಾನೆ, ಸಾಜೋ ಹಾಡುತ್ತಿಲ್ಲ. ಓದುವ ಹುಡುಗ, ಇದೆಲ್ಲ ತನಗೆ ಕೀಳು ಅಂದುಕೊಂಡಿದ್ದಾನೆ ಅಂತ ಅವನ ಎಣಿಕೆ. ಆಮೇಲೊಂದು ದಿನ ಯಾರೂ ಇಲ್ಲದ ಕ್ಲಾಸಿನಲ್ಲಿ ಸಾಜೋ ಒಬ್ಬನೇ ಅದೇ ಹಾಡನ್ನು ಕಲಿಯುತ್ತಾ ಇರುವುದು ಅವನ ಕಣ್ಣಿಗೆ ಬೀಳುತ್ತದೆ. ಹಾಡುವ ಮನಸ್ಸು ಇದೆ, ಹಾಡು ಬರುತ್ತಿಲ್ಲ, ಅದನ್ನು ಇನ್ನೊಬ್ಬರಿಗೆ ಹೇಳಲು ಬಾಯಿಲ್ಲ. ನಾನು ಹೇಳಿಕೊಡ್ಲಾ ಅಂತ ಕುಸಾಕಾಬೆ ಕೇಳುತ್ತಾನೆ. ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಕೂತು ಹಾಡು ಕಲಿಯುತ್ತಾರೆ. ಆ ಕಲಿಕೆಯೊಳಗೆ ಪ್ರೀತಿ ಹುಟ್ಟುತ್ತದೆ. ಕಥೆ ಬೇಸಿಗೆಯಲ್ಲಿ ಶುರುವಾಗಿ ಕಾಲದಿಂದ ಕಾಲಕ್ಕೆ ಸಾಗುತ್ತದೆ. ಸೋಡಾ ಕುಡಿಯುತ್ತಾರೆ, ಜಗಳ ಆಡುತ್ತಾರೆ, ಮುನಿಸಿಕೊಳ್ಳುತ್ತಾರೆ, ಮುಂದೆ ಏನು ಅಂತ ಹೆದರುತ್ತಾರೆ. ಸಾಜೋ ಕ್ಯೋತೊ ನಗರದ ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಹೋಗಬೇಕು ಅಂತ ಓದುವವನು. ಕುಸಾಕಾಬೆಗೆ ಕಾಲೇಜು ಬೇಡ, ಸಂಗೀತ ಸಾಕು. ಇಬ್ಬರ ದಾರಿ ಬೇರೆ ಆಗುತ್ತದಲ್ಲ ಅನ್ನುವುದೇ ಕಥೆಯ ದೊಡ್ಡ ಕಷ್ಟ. ಯಾರೂ ಸಾಯುವುದಿಲ್ಲ. ಯಾರಿಗೂ ಹೊಡೆತ ಬೀಳುವುದಿಲ್ಲ.

ಇಷ್ಟೇನಾ ಅಂತ ಕೇಳಬಹುದು. ಇಷ್ಟೇ. ಆದರೆ ಹಾಡಿನ ಮೇಳ ಕಟ್ಟಿ ನಾಲ್ಕು ಊರು ತಿರುಗಿದವನಿಗೆ ಇದರಲ್ಲಿ ಕಾಣುವುದು ಬೇರೆ ಇದೆ.

ನಮ್ಮ ಪದಗಳಲ್ಲಿ ಮುಂದಾಳು ಒಂದು ಸೊಲ್ಲು ಎತ್ತಿಕೊಡುತ್ತಾನೆ, ಹಿಮ್ಮೇಳ ಅದನ್ನು ಹಿಡಿದುಕೊಳ್ಳಬೇಕು. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಮಂಟೇಸ್ವಾಮಿ, ಮಾದಪ್ಪನ ಕಥೆ ಹಾಡುವ ನೀಲಗಾರರು ಬಂದಾಗ ನೋಡಿ. ತಂಬೂರಿ ಹಿಡಿದವನು ಅರ್ಧ ಉಸಿರಿಗೆ ಬಿಟ್ಟ ಮಾತನ್ನು ಪಕ್ಕದವರು ನೆಲಕ್ಕೆ ಬೀಳದ ಹಾಗೆ ಹಿಡೀತಾರೆ. ಈ ಹಿಮ್ಮೇಳದಲ್ಲಿ ಒಬ್ಬ ಸುಮ್ಮನಿದ್ದರೆ ಕೇಳುವ ಜನಕ್ಕೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ಗೊತ್ತಾಗುತ್ತದೆ, ಅವನ ಎಡಗಿವಿ ಖಾಲಿ ಇರುತ್ತದೆ. ಹತ್ತು ಜನ ಗಟ್ಟಿಯಾಗಿ ಹಾಡುವಾಗ ಹಾಡದ ಒಬ್ಬನನ್ನು ಕೇಳಿಸಿಕೊಳ್ಳುವುದು ಸುಲಭದ ಮಾತಲ್ಲ. ಅವನ ಮೇಲೆ ಮನಸ್ಸು ಇದ್ದರೆ ಮಾತ್ರ ಕೇಳಿಸುತ್ತದೆ. ನಕಾಮುರಾ ಅವರು ಪ್ರೀತಿಯನ್ನು ಶುರು ಮಾಡಿರುವುದು ಇಲ್ಲಿಂದ. ರೂಪ ನೋಡಿ ಮರುಳಾದ ಅಂತ ಬರೆಯಲಿಲ್ಲ, ಇಲ್ಲದ ದನಿಯನ್ನು ಗಮನಿಸಿದ ಅಂತ ಬರೆದರು. ಇದು ಬಹಳ ದೊಡ್ಡ ಬುದ್ಧಿ.

ಇನ್ನೊಂದು, ಹಾಡು ಬಾರದವನಿಗೆ ಹೇಳಿಕೊಡುವ ಕ್ರಮ. ಎಲ್ಲರ ಎದುರು ತಿದ್ದಿದರೆ ಅವನು ಇನ್ನು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ. ಬೇರೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಎದುರಿಗಲ್ಲ, ಪಕ್ಕದಲ್ಲಿ. ಮಾತು ತಪ್ಪಿದರೆ ಬಿಟ್ಟುಬಿಡಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದನ್ನು ಮೊದಲು ತೋರಿಸಬೇಕು. ತನ್ನ ದನಿಯನ್ನು ಸ್ವಲ್ಪ ತಗ್ಗಿಸಿಕೊಂಡು ಅವನ ದನಿ ಮೇಲೆ ಬರುವ ಹಾಗೆ ಬಿಡಬೇಕು. ಪುಸ್ತಕದಲ್ಲಿ ಈ ಪಾಠ ನಡೆಯುವ ಪುಟಗಳನ್ನು ನೋಡಿದಾಗ, ಬರೆದವರಿಗೆ ಹಾಡಿನ ಗುಟ್ಟು ಗೊತ್ತಿದೆ ಅನ್ನಿಸಿತು. ಹೆಚ್ಚು ಬಲ್ಲವನು ಕಮ್ಮಿ ಬಲ್ಲವನ ಮೇಲೆ ಏರಿ ಕೂರುವುದಿಲ್ಲ. ಪ್ರೀತಿ ಅನ್ನುವ ಮಾತು ಬಾಯಿಗೆ ಬರುವ ಮೊದಲೇ ಅಲ್ಲಿ ಮರ್ಯಾದೆ ಬಂದು ಕೂತಿರುತ್ತದೆ.

ಸದ್ದೇ ಇಲ್ಲದ ಕಾಗದದ ಮೇಲೆ ಹಾಡನ್ನು ತೋರಿಸುವುದು ಹೇಗೆ? ನಕಾಮುರಾ ಅವರ ಚಿತ್ರದಲ್ಲಿ ಗೆರೆಗಳು ತೆಳು. ಮಕ್ಕಳ ಕೈಕಾಲು ಬಿದಿರಿನ ಎಳೆ ಮೊಳಕೆಯ ಹಾಗೆ ಉದ್ದ, ಸಪೂರ. ಪುಟದಲ್ಲಿ ಬಿಳಿ ಜಾಗ ಬಹಳ. ಮೊದಲು ನೋಡಿದವರಿಗೆ, ಏನಪ್ಪಾ ಇಷ್ಟು ಖಾಲಿ ಬಿಟ್ಟಿದ್ದಾರೆ, ಅನ್ನಿಸಬಹುದು. ಆ ಖಾಲಿ ನಮ್ಮ ಪದದಲ್ಲಿ ಎರಡು ಸೊಲ್ಲಿನ ನಡುವೆ ತಂಬೂರಿ ಮಾತ್ರ ಮೀಟುವ ಹೊತ್ತಿನ ಹಾಗೆ. ಒಬ್ಬ ಏನೋ ಹೇಳಿರುತ್ತಾನೆ, ಇನ್ನೊಬ್ಬ ಉತ್ತರ ಕೊಟ್ಟಿರುವುದಿಲ್ಲ, ಮುಂದಿನ ಚೌಕದಲ್ಲಿ ಬರೀ ಒಂದು ಕುತ್ತಿಗೆ, ಒಂದು ಕಿಟಕಿ. ಓದುವವರು ಅಲ್ಲಿ ನಿಲ್ಲಲೇಬೇಕು. ಹರೆಯದ ಮಕ್ಕಳು ಅರ್ಧ ಮಾತು ಆಡಿ ಅರ್ಧ ನುಂಗುತ್ತಾರೆ ಅನ್ನುವುದು ಮಾಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ಆ ನುಂಗಿದ ಅರ್ಧವೆಲ್ಲ ಈ ಬಿಳಿ ಜಾಗದಲ್ಲಿದೆ.

ಸಿಹಿ ಕಥೆ ಅಂದ್ರೆ ಹಗುರದ್ದು, ಕಣ್ಣೀರು ಹರಿಸುವ ಕಥೆಯೇ ಗಟ್ಟಿ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಹಾಡುಗಾರರಲ್ಲೂ ಇದೆ. ಜನ ಅತ್ತರೆ ಕಥೆ ಗೆದ್ದಿತು ಅಂತ ಲೆಕ್ಕ. ಆದರೆ ಯಾರ ಕಥೆಯಲ್ಲಿ ಯಾವಾಗಲೂ ಅಳುವೇ ಬರುತ್ತದೆ ಅನ್ನುವುದನ್ನೂ ನೋಡಬೇಕಲ್ವಾ? ಹುಡುಗ ಹುಡುಗಿಯ ಪ್ರೀತಿಗೆ ನಮ್ಮಲ್ಲಿ ಅಳುವ ಕಥೆಯೂ ಇದೆ, ನಗುವ ಕಥೆಯೂ ಇದೆ, ಸೋಬಾನೆ ಹಾಡಿ ಮುಗಿಸುವ ಕಥೆಯೂ ಇದೆ. ಹುಡುಗ ಹುಡುಗನ ಪ್ರೀತಿಗೆ, ಹುಡುಗಿ ಹುಡುಗಿಯ ಪ್ರೀತಿಗೆ ಒಂದೇ ಬಗೆ ಸಿಕ್ಕಿದೆ.

ಜಪಾನಿನಲ್ಲೂ ಮೊದಲು ಹೀಗೇ ಇತ್ತು. 1970ರ ಸುಮಾರಿಗೆ ಅಲ್ಲಿ ಕೆಲವು ಯುವತಿಯರು ಚಿತ್ರಕಥೆ ಬರೆಯಲು ಮುಂದೆ ಬಂದರು. ಅವರಲ್ಲಿ ಹಾಗಿಯೊ ಮೋತೊ ಅವರು 1974ರಲ್ಲಿ 'ತೋಮಸನ ಹೃದಯ' ಎಂಬ ಕಥೆ ಬರೆದರು. ಜರ್ಮನಿಯ ಗಂಡುಮಕ್ಕಳ ಹಾಸ್ಟೆಲ್ ಶಾಲೆ. ಕಥೆ ಶುರುವಾಗುವುದೇ ತೋಮಸ್ ಎಂಬ ಹುಡುಗ ಸೇತುವೆಯಿಂದ ಬಿದ್ದು ಸಾಯುವುದರಿಂದ. ತಾನು ಪ್ರೀತಿಸಿದ ಹುಡುಗನಿಗೆ ಅವನು ಕಾಗದ ಬರೆದಿಟ್ಟಿರುತ್ತಾನೆ. 1976ರಿಂದ ತಾಕೆಮಿಯಾ ಕೇಕೊ ಅವರ 'ಗಾಳಿ ಮತ್ತು ಮರಗಳ ಹಾಡು' ಬಂತು. ಅದು ಫ್ರಾನ್ಸಿನ ಶಾಲೆ, ಅಲ್ಲೂ ಕೊನೆಗೆ ಸಾವು. ಇವು ದೊಡ್ಡ ಕೃತಿಗಳು ಅಂತ ಅಲ್ಲಿನವರು ಇಂದಿಗೂ ಗೌರವದಿಂದ ಹೇಳುತ್ತಾರೆ. ಆದರೂ ಗಮನಿಸಿ, ಪ್ರೀತಿ ನಡೆಯುವುದು ದೂರದ ದೇಶದಲ್ಲಿ, ಪ್ರೀತಿಸಿದವರಿಗೆ ಸಾವು. ಅಲ್ಲಿಂದ ಮೂವತ್ತು ವರ್ಷ ದಾಟಿ 'ದೋಕ್ಯೂಸೇ' ಬರುವ ಹೊತ್ತಿಗೆ ಶಾಲೆ ಅವರ ಊರಿನದ್ದೇ ಆಗಿದೆ, ಹುಡುಗರು ಬದುಕಿದ್ದಾರೆ, ಕೈಯಲ್ಲಿ ಸೋಡಾ ಇದೆ. ಸೇತುವೆಯಿಂದ ಸೋಡಾದವರೆಗೆ ಬರಲು ಒಂದು ನಾಡಿನ ಬರಹಗಾರರಿಗೆ ಇಷ್ಟು ಕಾಲ ಬೇಕಾಯಿತು. ಆ ಸಿಹಿಯ ಹಿಂದೆ ಅಷ್ಟು ದುಡಿಮೆ ಇದೆ.

ಈಗ ನಮ್ಮ ಕಡೆ ನೋಡೋಣ. ನಾವು ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವವರು. ನಮಗೆ ಎರಡು ಭಾಷೆಯ ಕಥೆಗಳೂ ನಮ್ಮವೇ. ಮಲಯಾಳದಲ್ಲಿ ವಿ.ಟಿ. ನಂದಕುಮಾರ್ ಅವರ 'ರಂಡು ಪೆಣ್‌ಕುಟ್ಟಿಕಳ್' ಕಾದಂಬರಿಯನ್ನು ನಿರ್ದೇಶಕ ಮೋಹನ್ 1978ರಲ್ಲಿ ಸಿನಿಮಾ ಮಾಡಿದರು. ಇಬ್ಬರು ಹುಡುಗಿಯರ ಪ್ರೀತಿ. ಅದೊಂದು ಹರೆಯದ ಹಂತ, ದಾಟಿ ಹೋಗುವಂಥದ್ದು ಎನ್ನುವ ಹಾಗೆ ಕಥೆ ಮುಗಿಯುತ್ತದೆ. 1986ರಲ್ಲಿ ಪದ್ಮರಾಜನ್ ಅವರು 'ದೇಶಾಡನಕ್ಕಿಳಿ ಕರಯಾರಿಲ್ಲ' ತೆಗೆದರು. ಸಾಲಿ ಮತ್ತು ನಿಮ್ಮಿ ಎಂಬ ಇಬ್ಬರು ಶಾಲಾ ಹುಡುಗಿಯರು ಪ್ರವಾಸದಿಂದ ತಪ್ಪಿಸಿಕೊಂಡು ಓಡಿಹೋಗುತ್ತಾರೆ. ಮೋಹನ್‌ಲಾಲ್ ಇರುವ ಚಿತ್ರ, ಬಹಳ ಜನ ನೋಡಿದ್ದಾರೆ. ಪ್ರೀತಿ ಅನ್ನುವ ಹೆಸರನ್ನು ಅದು ಬಾಯಿ ಬಿಟ್ಟು ಹೇಳುವುದಿಲ್ಲ. ಕೊನೆಗೆ ಇಬ್ಬರು ಹುಡುಗಿಯರೂ ಸಾಯುತ್ತಾರೆ. ಒಂದರಲ್ಲಿ ಹಂತ, ಇನ್ನೊಂದರಲ್ಲಿ ಸಾವು.

ಕನ್ನಡದಲ್ಲಿ ಸಂಡೂರಿನ ವಸುಧೇಂದ್ರ ಅವರು 2013ರಲ್ಲಿ 'ಮೋಹನಸ್ವಾಮಿ' ಬರೆದರು. ಗಂಡಸನ್ನು ಪ್ರೀತಿಸುವ ಗಂಡಸಿನ ಒಳಗನ್ನು ಕನ್ನಡದಲ್ಲಿ ಇಷ್ಟು ನೇರವಾಗಿ ಹೇಳಿದ ಪುಸ್ತಕಗಳು ತೀರಾ ಕಮ್ಮಿ. ಧೈರ್ಯದ ಪುಸ್ತಕ, ಓದಿದರೆ ಎದೆ ಭಾರವಾಗುತ್ತದೆ. ಜೊತೆಗಿದ್ದ ಕಾರ್ತಿಕ್ ಹೆಣ್ಣು ನೋಡಿ ಮದುವೆಗೆ ಹೊರಟಾಗ ಮೋಹನಸ್ವಾಮಿ ಪಡುವ ಸಂಕಟ ಓದಿದವರು ಮರೆಯುವುದಿಲ್ಲ. ಅಲ್ಲಿ ಬಾಲ್ಯ ಬರುವುದು ಗೇಲಿಯ ನೆನಪಾಗಿ. ಮಲಯಾಳದಲ್ಲಿ 2023ರಲ್ಲಿ ಜಿಯೋ ಬೇಬಿ ಅವರ 'ಕಾದಲ್' ಬಂತು. ಮಮ್ಮೂಟ್ಟಿ ಅವರು ಮ್ಯಾಥ್ಯೂ ಎಂಬ ಪಂಚಾಯ್ತಿ ಚುನಾವಣೆಯ ಅಭ್ಯರ್ಥಿ, ಜ್ಯೋತಿಕಾ ಅವರು ಅವನ ಹೆಂಡತಿ ಓಮನಾ. ಗಂಡನ ಮನಸ್ಸು ತಂಗನ್ ಎಂಬ ಇನ್ನೊಬ್ಬ ಗಂಡಸಿನ ಕಡೆಗಿದೆ ಅಂತ ಓಮನಾ ವಿಚ್ಛೇದನ ಕೇಳುತ್ತಾಳೆ. ಆ ವರ್ಷದ ಒಳ್ಳೆಯ ಚಿತ್ರ ಅಂತ ಕೇರಳ ಸರಕಾರದ ಪ್ರಶಸ್ತಿಯೂ ಸಿಕ್ಕಿತು. ನಮ್ಮೂರಿನಂಥದ್ದೇ ಊರು, ನಮ್ಮ ಪಂಚಾಯ್ತಿಯಂಥದ್ದೇ ಪಂಚಾಯ್ತಿ.

'ಕಾದಲ್' ಮತ್ತು 'ದೋಕ್ಯೂಸೇ' ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಮ್ಯಾಥ್ಯೂ ತನ್ನ ಹರೆಯದಲ್ಲಿ ಬಾಯಿ ತೆರೆಯಲಾರದೆ ನಿಂತ ಸಾಜೋ. ಅವನ ಪಕ್ಕದಲ್ಲಿ ನಿಂತು, ಯಾಕೋ ಹಾಡ್ತಿಲ್ಲ, ಅಂತ ಕೇಳಿದವರು ಯಾರೂ ಇರಲಿಲ್ಲ. ಮದುವೆ ಮಾಡಿಸಿದರು. ಅದರ ಬೆಲೆಯನ್ನು ಅವನೊಬ್ಬನೇ ತೆತ್ತಿದ್ದರೆ ಒಂದು ಮಾತು. ಓಮನಾ ತೆತ್ತಳು, ತಂಗನ್ ತೆತ್ತ, ಮಗಳು ತೆತ್ತಳು, ಮುದಿ ತಂದೆ ತೆತ್ತ. ಹದಿನೇಳರಲ್ಲಿ ಹೇಳಬೇಕಾದ ಒಂದು ಮಾತನ್ನು ತಡೆದರೆ ಐವತ್ತು ದಾಟಿದ ಮೇಲೆ ಒಂದು ಮನೆಯಷ್ಟು ಜನ ಕಣ್ಣೀರು ಹಾಕಬೇಕು. ಸಿಹಿ ಕಥೆಯ ಬೆಲೆ ಏನು ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಇನ್ನು ಪುಸ್ತಕದ ಕೊರತೆಗಳು. ಮೊದಲನೆಯದು, ಅದರಲ್ಲಿ ಬರುವ ಸಂಗೀತದ ಮಾಷ್ಟ್ರು. ಹಾರಾ ಅಂತ ಹೆಸರು. ಅವನಿಗೂ ಗಂಡಸರ ಮೇಲೆಯೇ ಮನಸ್ಸು, ಸಾಜೋನ ಮೇಲೂ ಒಂದು ಒಲವು. ಪುಸ್ತಕ ಇದನ್ನು ಅರ್ಧ ತಮಾಷೆಯಾಗಿ, ಅರ್ಧ ಮರುಕದಿಂದ ತೋರಿಸುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಮಾಷ್ಟ್ರು ಗಂಡಾಗಲಿ ಹೆಣ್ಣಾಗಲಿ, ಕಲಿಯುವ ಮಗು ಹುಡುಗನಾಗಲಿ ಹುಡುಗಿಯಾಗಲಿ, ಆ ಒಲವಿಗೆ ಶಾಲೆಯಲ್ಲಿ ಜಾಗ ಇಲ್ಲ. ಒಂದೇ ವಯಸ್ಸಿನ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಇಷ್ಟಪಡುವುದಕ್ಕೂ, ಅಂಕ ಹಾಕುವ ಕೈ ಇರುವವರು ಇಷ್ಟಪಡುವುದಕ್ಕೂ ಭೂಮಿ ಆಕಾಶದ ಅಂತರ. ಅಷ್ಟು ನಾಜೂಕಾಗಿ ಮರ್ಯಾದೆಯನ್ನು ಬರೆದವರು ಇಲ್ಲಿ ಸಡಿಲ ಬಿಟ್ಟಿದ್ದಾರೆ.

ಎರಡನೆಯದು ಇನ್ನೂ ದೊಡ್ಡದು. ಈ ಕಥೆಯಲ್ಲಿ ಮನೆ ಬಹಳ ಹಿಂದೆ ನಿಂತಿದೆ. ಮುಂದಿನ ಭಾಗಗಳೂ ಇವೆ, ನಾನು ಹೇಳುತ್ತಿರುವುದು ಮೊದಲ ಪುಸ್ತಕದ ಮಾತು. ಇಬ್ಬರು ಹುಡುಗರು, ಒಂದು ಶಾಲೆ, ಒಂದು ರೈಲು ನಿಲ್ದಾಣ. ಅಪ್ಪ ಏನು ದುಡಿಯುತ್ತಾನೆ, ಅಮ್ಮ ಏನು ಹೆದರುತ್ತಾಳೆ, ಪಕ್ಕದ ಮನೆಯವರು ಏನು ಆಡಿಕೊಳ್ಳುತ್ತಾರೆ, ಇದ್ಯಾವುದೂ ಅವರ ನಡುವೆ ಬಂದು ಕೂರುವುದಿಲ್ಲ. ನಮ್ಮ ಹುಡುಗನೊಬ್ಬ ಹೀಗಿದ್ದರೆ ಅವನ ಪ್ರೀತಿಯ ಸುತ್ತ ಎಷ್ಟು ಜನ ನಿಂತಿರುತ್ತಾರೆ ನೋಡಿ. ತಂಗಿಯ ಮದುವೆ ನಿಂತುಹೋದೀತು ಅನ್ನುವ ಅಮ್ಮ. ಇರುವ ಒಂದೆಕರೆ ಕಾಪಿ, ಮೆಣಸಿನ ಬಳ್ಳಿ ಮುಂದೆ ಯಾರಿಗೆ ಅನ್ನುವ ಅಪ್ಪ. ಜಾತಿಯವರು, ಊರಿನವರು. ಜೊತೆಯ ಹುಡುಗ ಹಾಡಿಯವನಾದರೆ ಇನ್ನೊಂದು ಗೋಡೆ. ಊರಲ್ಲಿ ಗಿಟಾರ್ ಕೊಳ್ಳುವ ಹಣವೇ ಇರುವುದಿಲ್ಲ, ಹತ್ತನೇ ಕ್ಲಾಸು ದಾಟುವುದೇ ಕಷ್ಟ, ಶುಂಠಿ ಕೆಲಸಕ್ಕೆ ಕೊಡಗಿನ ಕಡೆಗೆ ಹೋಗುವ ಮಕ್ಕಳಿಗೆ ವಿಶ್ವವಿದ್ಯಾನಿಲಯ ಅನ್ನುವುದು ದೂರದ ಮಾತು. ಇದನ್ನೆಲ್ಲ ಹೊರಗಿಟ್ಟರೆ ಸಿಹಿ ಬರೆಯುವುದು ಸುಲಭ. ಇದನ್ನೆಲ್ಲ ಒಳಗಿಟ್ಟುಕೊಂಡೂ ಸಿಹಿಯನ್ನು ಉಳಿಸಿಕೊಳ್ಳುವವರು ಇನ್ನೂ ದೊಡ್ಡ ಬರಹಗಾರರು.

ಮೂರನೆಯದು ಚಿಕ್ಕದು. ಇಬ್ಬರೂ ಬಹಳ ಚೆಂದದ ಹುಡುಗರು. ಪ್ರೀತಿ ಸಿಗಬೇಕಾದರೆ ಅಷ್ಟು ಚೆಂದ ಇರಬೇಕು ಅಂತ ಓದುವ ಮಗು ಅಂದುಕೊಂಡರೆ ಕಷ್ಟ. ಮೊಡವೆ ಇರುವ, ಗದ್ದೆಯ ಕೆಸರು ಮೆತ್ತಿದ, ದನಿ ಒಡೆದ ಹುಡುಗನಿಗೂ ಪಕ್ಕದಲ್ಲಿ ಕೂತು ಹಾಡು ಕಲಿಸುವವರು ಬೇಕು.

ಇಂಥ ಪುಸ್ತಕದ ಮಾತು ಎತ್ತಿದರೆ ಕೆಲವರು ಮೂರು ಪ್ರಶ್ನೆ ಕೇಳುತ್ತಾರೆ. ಇದು ಹೊರದೇಶದ ಚಾಳಿ ಅಲ್ವಾ ಅನ್ನುವುದು ಒಂದು. ನಮ್ಮ ಹನ್ನೆರಡನೇ ಶತಮಾನದ ವಚನಕಾರರು, ಗಂಡಸರು, ತಮ್ಮನ್ನು ಹೆಂಡತಿಯೆಂದೂ ಲಿಂಗವನ್ನು ಗಂಡನೆಂದೂ ಕರೆದುಕೊಂಡು ಹಾಡಿದ್ದಾರೆ. ಅದು ದೇವರ ಮೇಲಿನ ಭಕ್ತಿ, ಇದು ಮನುಷ್ಯರ ಮೇಲಿನ ಪ್ರೀತಿ, ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಗಂಡಸಿನ ಬಾಯಲ್ಲಿ ಗಂಡನ ಮೇಲಿನ ಹಂಬಲ ಬಂದಾಗ ನಮ್ಮ ಭಾಷೆ ಬೆಚ್ಚಿ ಬೀಳಲಿಲ್ಲ. ಯಕ್ಷಗಾನದ ಸ್ತ್ರೀವೇಷಧಾರಿಯ ಒನಪನ್ನು ರಾತ್ರಿಯಿಡೀ ಕೂತು ಮೆಚ್ಚಿದ ಜನ ನಾವು. ಬೆಳಗಾದ ಮೇಲೆ ಶಾಲೆಯಲ್ಲಿ ನಡಿಗೆ ಸ್ವಲ್ಪ ಮೆದುವಾದ ಹುಡುಗನನ್ನು ಗೇಲಿ ಮಾಡುವುದು ಯಾವ ನ್ಯಾಯ?

ಕಾನೂನು ಏನು ಹೇಳುತ್ತದೆ ಅನ್ನುವುದು ಎರಡನೇ ಪ್ರಶ್ನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಇಬ್ಬರೂ ಒಪ್ಪಿ ನಡೆಸುವ ಇಂಥ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. 2022ರ ಮೇ 31ರಂದು ನಮ್ಮ ಕೇರಳ ಹೈಕೋರ್ಟು, ಶಾಲೆಯಲ್ಲಿ ಜೊತೆ ಓದುವಾಗ ಒಬ್ಬರನ್ನೊಬ್ಬರು ಮೆಚ್ಚಿದ ಇಬ್ಬರು ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಜೊತೆಯಾಗಿ ಬಾಳಲು ಅನುವು ಮಾಡಿಕೊಟ್ಟಿತು. ಮನೆಯವರು ಅವರನ್ನು ಬೇರೆ ಮಾಡಿದ್ದರು. 2023ರ ಅಕ್ಟೋಬರಿನಲ್ಲಿ ಮದುವೆಯ ವಿಚಾರ ಬಂದಾಗ ಸುಪ್ರೀಂ ಕೋರ್ಟು ಅದನ್ನು ಶಾಸನ ಮಾಡುವವರಿಗೆ ಬಿಟ್ಟಿತು. ದಾರಿ ಪೂರ್ತಿ ತೆರೆದಿಲ್ಲ, ಆದರೆ ಬೇಲಿ ಮೊದಲಿನ ಹಾಗೂ ಇಲ್ಲ. ಹೈಕೋರ್ಟಿನ ಆ ಇಬ್ಬರದ್ದು ಶಾಲೆಯಲ್ಲಿ ಹುಟ್ಟಿದ ಪ್ರೀತಿಯೇ. ಅದು ಹೊಳೆಗೂ ಹೋಗಲಿಲ್ಲ, ಹಗ್ಗಕ್ಕೂ ಹೋಗಲಿಲ್ಲ. ಅಂದ ಮೇಲೆ ನಾಲ್ಕನೇ ದಾರಿ ಜಪಾನಿನ ಕಾಗದದ ಮೇಲೆ ಮಾತ್ರ ಇಲ್ಲ, ಕೇರಳದ ನೆಲದ ಮೇಲೂ ಇದೆ. ನಮ್ಮ ಕಥೆಗಾರರು ಅಲ್ಲಿಗೆ ಇನ್ನೂ ಬಂದು ಸೇರಿಲ್ಲ, ಅಷ್ಟೆ.

ಇದನ್ನು ಓದಿದರೆ ಮಕ್ಕಳು ಹಾಗಾಗುತ್ತಾರಾ ಅನ್ನುವುದು ಮೂರನೇ ಪ್ರಶ್ನೆ. ನಮ್ಮೂರಿನ ಎಲ್ಲರೂ ಹುಡುಗ ಹುಡುಗಿಯ ಪ್ರೀತಿಯ ಸಿನಿಮಾ ನೋಡಿಯೇ ಬೆಳೆದವರು. ಆದರೂ ಕೆಲವರ ಮನಸ್ಸು ಆ ಕಡೆ ತಿರುಗಲಿಲ್ಲ. ಅಷ್ಟು ಸಿನಿಮಾ ಆಗಿಸಲಾರದ್ದನ್ನು ಒಂದು ಪುಸ್ತಕ ಆಗಿಸುತ್ತದೆಯೇ? ಪುಸ್ತಕ ಮಾಡುವುದು ಇಷ್ಟೇ. ಮೊದಲೇ ಹಾಗಿರುವ ಒಂದು ಮಗುವಿಗೆ, ನೀನೊಬ್ಬನೇ ಅಲ್ಲ, ನಿನಗೂ ನಾಳೆ ಅಂತ ಒಂದು ದಿನ ಇದೆ, ಅಂತ ಹೇಳುತ್ತದೆ. ಹಾಗಿಲ್ಲದ ಮಗುವಿಗೆ, ಪಕ್ಕದವನನ್ನು ಗೇಲಿ ಮಾಡಬೇಡ, ಅಂತ ಹೇಳುತ್ತದೆ. ಎರಡೂ ಒಳ್ಳೆಯ ಪಾಠವೇ. ಚಿಕ್ಕ ಮಕ್ಕಳ ಕೈಗೆ ಇದು ಬೇಡ, ಹೈಸ್ಕೂಲು ಮುಗಿಸುವ ಹೊತ್ತಿನವರಿಗೆ ಇರಲಿ. 'ಮೋಹನಸ್ವಾಮಿ' ದೊಡ್ಡವರಿಗೆ ಇರಲಿ. ವಾಯನಶಾಲೆಯ ಕಪಾಟಿನಲ್ಲಿ ಎರಡಕ್ಕೂ ಜಾಗ ಇದೆ.

ಇಂಥದ್ದೊಂದು ಕಥೆಯನ್ನು ನಮ್ಮ ಕನ್ನಡದಲ್ಲಿ, ಈ ಗಡಿಯ ಕನ್ನಡದಲ್ಲಿ, ಯಾರಾದರೂ ಬರೆಯಬೇಕು ಅನ್ನುವುದು ನನ್ನ ಆಸೆ. ಅದರಲ್ಲಿ ಮಳೆಗಾಲದ ಶಾಲೆ ಇರಲಿ, ಕಲೋತ್ಸವದ ಅಭ್ಯಾಸ ಇರಲಿ, ಬಾವಲಿಯ ಕಡೆ ಹೋಗುವ ಕೊನೆಯ ಬಸ್ಸು ಇರಲಿ. ಅಮ್ಮ ಇರಲಿ, ಅವಳ ಹೆದರಿಕೆಯೂ ಇರಲಿ. ಹುಡುಗರು ಮಾತ್ರ ಕೊನೆಯ ಪುಟದವರೆಗೆ ಬದುಕಿರಲಿ. ಮಲಯಾಳದಲ್ಲಿ ಸಾಲಿ, ನಿಮ್ಮಿ ಸತ್ತು ಇಷ್ಟು ವರ್ಷ ಆಯಿತು. ಇನ್ನೂ ಇಬ್ಬರು ಮಕ್ಕಳನ್ನು ಕೊಂದು ಓದುಗರನ್ನು ಅಳಿಸಬೇಕಾದ ಅಗತ್ಯ ನಮ್ಮ ಸಾಹಿತ್ಯಕ್ಕೆ ಇಲ್ಲ.

ಅದು ಬರುವವರೆಗೆ ಮಾಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಮಾತು. ಬೆಳಗಿನ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಹಾಡುವಾಗ ಸಾಲಿನಲ್ಲಿ ಒಂದು ಮಗು ಬಾಯಿ ತೆರೆಯದೆ ನಿಂತಿರುತ್ತದೆ. ಅದು ಕೊಬ್ಬು ಅಂತ ಗದರಬೇಡಿ. ದನಿ ಹೆಣ್ಣಿನ ಹಾಗಿದೆ ಅಂತ ಯಾರಾದರೂ ನಕ್ಕಿರಬಹುದು, ಮನೆಯಲ್ಲಿ ಏನೋ ಆಗಿರಬಹುದು, ಹಾಡು ಬಾರದೆಯೂ ಇರಬಹುದು. ಬೆಲ್ಲು ಹೊಡೆದ ಮೇಲೆ ಅವನನ್ನು ಬೇರೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಲಗೆ ಕೇಳಿ.